ತೊಟ್ಟಿಯೊಳಗಿನ ಜಾಜಿನ ಗೆರೆ

ಲಾರಿಗೆ ಸ್ಕ್ರೂ ಕನ್ವೇಯರ್ ಹೇರಿ ಹಗ್ಗ ಬಿಗಿಯುತ್ತಿದ್ದಾಗ ಉಸ್ತಾದರು ಹತ್ತಿರ ಬಂದು ತಮ್ಮ ಬಲಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ಅದರಲ್ಲಿ ಮೂರೇ ಬೆರಳು. ಉಳಿದೆರಡು ಯಾವುದೋ ಕಾರ್ಖಾನೆಯಲ್ಲಿ ಸುಣ್ಣದ ಪುಡಿ ಸಾಗಿಸುವ ಕನ್ವೇಯರಿನಲ್ಲಿ ಹೋಗಿದ್ದವು. ಜಹೀರಾಬಾದಿನ ಆ ವರ್ಕ್‌ಶಾಪಿನಲ್ಲಿ ಆರು ವರ್ಷ ಅವರ ಕೈಕೆಳಗೆ ದುಡಿದಿದ್ದೆ. ಅವರು ಆ ಕೈಯನ್ನು ಹೀಗೆ ತೋರಿಸಿದ್ದು ಅದೇ ಮೊದಲು.

"ನೋಡ್ಕೋ. ಕಾಳು ಯಾವುದು, ಬೆರಳು ಯಾವುದು, ಈ ಮಶಿನಿಗಿ ಫರಕ್ ಗೊತ್ತಿಲ್ಲ. ಅಲ್ಲಿ ಯಾರದರೆ ಕೈ ಹೋತಂದ್ರ ನನಗ ಮಾರಿ ತೋರಸ್ಬ್ಯಾಡ" ಎಂದರು.

"ಆತ್ರಿ ಉಸ್ತಾದ್" ಎಂದೆ. ಮೊಣಕಾಲು ನೋವಿನಿಂದ ಅವರು ಬರುವಂತಿರಲಿಲ್ಲ. ಒಬ್ಬನೇ ಹೋಗಿ ಮಶಿನ್ ಕೂರಿಸುವ ಕೆಲಸ ನನಗೆ ಅದೇ ಮೊದಲನೆಯದು. ಒಳಗೊಳಗೇ ಹಿಗ್ಗಿದ್ದೆ, ನಿಜ ಹೇಳಬೇಕಲ್ಲ.

ಕೆಲಸ ತಾಂಡೂರಿನ ಒಂದು ತೊಗರಿ ಬೇಳೆ ಮಿಲ್ಲಿನದು. ತೊಗರಿಯನ್ನು ಸಾಣೆಕಲ್ಲಿನ ರೋಲರಿಗೆ ಕೊಟ್ಟರೆ ಸಿಪ್ಪೆಗೆ ಗೀರು ಬೀಳುತ್ತದೆ. ಆಮೇಲೆ ಅದಕ್ಕೆ ಎಣ್ಣೆ ಹಚ್ಚಬೇಕು. ಎಣ್ಣೆ ಗೀರಿನೊಳಗೆ ಇಳಿದು, ಕಾಳು ಬಿಸಿಲಲ್ಲಿ ಒಣಗಿದ ಮೇಲೆ ಸಿಪ್ಪೆ ಸಡಿಲಾಗಿ ಬೇಳೆ ಇಡಿಯಾಗಿ ಒಡೆಯುತ್ತದೆ. ಎಣ್ಣೆ ಹಚ್ಚುವ ಕೆಲಸವನ್ನು ಅಲ್ಲಿ ಹೆಂಗಸರು ಕೈಯಲ್ಲೇ ಮಾಡುತ್ತಿದ್ದರು. ಆ ವರ್ಷ ಅವರಲ್ಲಿ ಅರ್ಧ ಜನ ಕುಸುಬೆ ಕೊಯ್ಲಿಗೆ ಹೋಗಿದ್ದರಿಂದ ಮಿಲ್ಲಿನ ಸಾವಕಾರರು ನಮ್ಮಲ್ಲಿ ಸ್ಕ್ರೂ ಕನ್ವೇಯರ್ ಮಾಡಿಸಿದ್ದರು.

ನೋಡದವರಿಗೆ ಹೇಳುವುದಾದರೆ, ಅದು ಉದ್ದಕ್ಕೆ ಸೀಳಿದ ಪೈಪಿನಂಥ ತೊಟ್ಟಿ. ನಮ್ಮದು ಇಪ್ಪತ್ತು ಅಡಿ. ಅದರೊಳಗೆ ಒಂದು ದಂಡ, ದಂಡಕ್ಕೆ ಸುತ್ತಿ ಸುತ್ತಿ ಬೆಸೆದ ತಗಡಿನ ರೆಕ್ಕೆ. ದಂಡ ತಿರುಗಿದರೆ ರೆಕ್ಕೆ ಮುಂದಿರುವುದನ್ನು ತಳ್ಳುತ್ತಾ ಹೋಗುತ್ತದೆ. ಇದರಲ್ಲಿ ಜಾತಿಗಳಿವೆ. ಸಕ್ಕರೆ, ಸಿಮೆಂಟು, ಒಣಕಾಳಿಗೆ ಇಡೀ ರೆಕ್ಕೆಯ ಸ್ಕ್ರೂ. ಕಾಕಂಬಿಯಂಥ ಅಂಟು ಪದಾರ್ಥಕ್ಕೆ ದಂಡಕ್ಕೂ ರೆಕ್ಕೆಗೂ ನಡುವೆ ಸಂದು ಬಿಟ್ಟ ಪಟ್ಟಿ ರೆಕ್ಕೆ, ಇಲ್ಲದಿದ್ದರೆ ಮಾಲು ದಂಡಕ್ಕೇ ಮೆತ್ತಿಕೊಳ್ಳುತ್ತದೆ. ಸಾಗಿಸುತ್ತಾ ಕಲಸಬೇಕಾದರೆ ಅಂಚು ಕೊಯ್ದ ರೆಕ್ಕೆ, ಇನ್ನೂ ಚೆನ್ನಾಗಿ ಕಲಸಬೇಕಾದರೆ ರೆಕ್ಕೆಯ ನಡುನಡುವೆ ಸೌಟಿನಂಥ ಹಲಗೆ. ಮೇಲಕ್ಕೆ ಏರಿಸುವುದಿದ್ದರೆ ಸುತ್ತ ಮುಚ್ಚಿದ ಕೊಳವೆ. ಉಸ್ತಾದರು ಇದನ್ನೆಲ್ಲ ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದ್ದರು. ಸಾವಕಾರರು "ಕಾಳು ಒಯ್ಯೋ ಮಶಿನ್" ಎಂದಷ್ಟೇ ಹೇಳಿದ್ದರಿಂದ ನಾವು ಇಡೀ ರೆಕ್ಕೆಯದನ್ನೇ ಮಾಡಿದ್ದೆವು. ಉಸ್ತಾದರು ಬೆಸೆದ ರೆಕ್ಕೆ ಎಂದರೆ ಕೈಯಾಡಿಸಿದರೆ ಎಲ್ಲೂ ಗಂಟು ಸಿಗದು.

ಲಾರಿ ಹೊರಡುವಾಗ ಅವರು ಮತ್ತೊಂದು ಮಾತು ಹೇಳಿದರು: "ತೊಟ್ಟಿ ತುಂಬಸ್ಬ್ಯಾಡ. ಮೂರರಾಗ ಒಂದ್ ಪಾಲು ಸಾಕು." ನಾನು ತಲೆಯಾಡಿಸಿದೆ. ಕೇಳಿಸಿಕೊಂಡೆನೇ ಎಂದರೆ, ಕೇಳಿಸಿಕೊಂಡಿದ್ದೆ.

ಮಿಲ್ಲಿನ ಅಂಗಳಕ್ಕೆ ಫರಸಿ ಕಲ್ಲು ಹಾಸಿತ್ತು. ಹತ್ತು ಗಂಟೆಗೇ ಕಾಲಿಡಲಾಗದಷ್ಟು ಕಾದಿತ್ತು. ಸಾವಕಾರರು ಬಾಗಿಲಲ್ಲೇ ಲೆಕ್ಕ ಹೇಳಿಬಿಟ್ಟರು. ರೈಲಿನ ವ್ಯಾಗನ್ ಇನ್ನು ಎಂಟು ದಿನಕ್ಕೆ ಗೊತ್ತುಮಾಡಿಯಾಗಿದೆ. ಬಿಸಿಲಿಗೆ ಮತ್ತು ಒಡೆಯುವುದಕ್ಕೆ ಐದು ದಿನ ಬೇಕು. "ಅಂದ್ರ ಎಣ್ಣಿ ಹಚ್ಚಾಕ ಮೂರಾ ದಿನ. ತಿಳೀತಾ ಮಿಸ್ತ್ರಿ?"

ಶೆಡ್ಡಿನೊಳಗೆ ಐದಾರು ಹೆಂಗಸರು ನೆಲದ ಮೇಲೆ ತೊಗರಿ ಹರಡಿ ಅಗಸೆ ಎಣ್ಣೆ ಚಿಮುಕಿಸಿ ಕಲಸುತ್ತಿದ್ದರು. ಅವರ ಮುಖ್ಯಸ್ಥೆ ಕೊಡಂಗಲ್ ಕಡೆಯ, ಕುರಿ ಸಾಕುವ ಮನೆತನದ ಹೆಣ್ಣುಮಗಳು. ಐವತ್ತು ದಾಟಿದ್ದಿರಬೇಕು. ಎಲ್ಲರೂ ಅವ್ವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೊಣಕೈವರೆಗೆ ಎಣ್ಣೆ ಮಿರುಗುತ್ತಿದ್ದ ಆಕೆಯ ಕೈ ಕಾಳಿನೊಳಗೆ ಹೋಗಿ ಬಂದರೆ ಸಾಕು, "ಇನ್ನಾ ಒಂದ್ ಚೂರು ಎಣ್ಣಿ", ಇಲ್ಲವೇ "ಆತು, ಗುಡ್ಡಿ ಹಾಕ್ರಿ" ಎಂಬ ತೀರ್ಮಾನ. ಸಾವಕಾರರೂ ಅದರ ಮೇಲೆ ಮಾತಾಡುತ್ತಿರಲಿಲ್ಲ. ಕುರಿಯ ಹೊಟ್ಟೆ ಸವರಿ ಗಬ್ಬ ಹೇಳುತ್ತಿದ್ದ ಕೈ ಅದು ಎನ್ನುತ್ತಿದ್ದರು.

ಆ ದಿನ ಮಧ್ಯಾಹ್ನದೊಳಗೆ ತೊಟ್ಟಿ ಕೂರಿಸಿ, ದಾರ ಕಟ್ಟಿ ದಂಡದ ನೇರ ನೋಡಿ, ನಡುವೆ ದಂಡವನ್ನು ಹಿಡಿಯುವ ತೂಗು ಬೇರಿಂಗಿಗೆ ಗ್ರೀಸು ತುಂಬಿದೆ. ತೊಟ್ಟಿಯ ಬಾಯಿಗೆ ಉದ್ದಕ್ಕೂ ಕಬ್ಬಿಣದ ಜಾಲರಿ ಇಟ್ಟು ಬೋಲ್ಟು ಬಿಗಿದೆ. ಅದರ ಕಣ್ಣಲ್ಲಿ ಕೈ ತೂರದು. ಖಾಲಿ ಓಡಿಸಿದೆ, ಗುಂಯ್ ಎಂದು ತಿರುಗಿತು. ತೊಗರಿ ಬೀಳುವ ಬಾಯಿಗೆ ಅಡ್ಡವಿದ್ದ ತಗಡನ್ನು ಪೂರ್ತಿ ಎಳೆದೆ, ಅದರ ಪಕ್ಕದ ಎಣ್ಣೆಯ ನಲ್ಲಿ ಬಿಟ್ಟೆ. ತೊಟ್ಟಿ ತುಂಬುತ್ತಾ ಬಂದು ದಂಡ ಮುಚ್ಚಿತು, ಜಾಲರಿಗೆ ತಾಗಿತು. ನೋಡಲು ಬಹಳ ಚೆಂದವಿತ್ತು.

ಹತ್ತು ನಿಮಿಷಕ್ಕೆ ನಡು ಬೇರಿಂಗಿನ ಹತ್ತಿರ ಮಾಲು ಕಟ್ಟಿಕೊಂಡಿತು. ಬೆಲ್ಟು ಜಾರಿ ಸುಟ್ಟ ವಾಸನೆ ಬಂತು. ನಿಲ್ಲಿಸಿದೆ, ಬಗೆದು ತೆಗೆದೆ, ಮತ್ತೆ ಓಡಿಸಿದೆ. ಮತ್ತೆ ಅಲ್ಲೇ ಕಟ್ಟಿತು. ಅದಕ್ಕಿಂತ ಕೆಟ್ಟದ್ದು ಹೊರಬಾಯಿಯಲ್ಲಿ ಕಾದಿತ್ತು. ಅವ್ವ ಬೊಗಸೆ ತುಂಬ ಕಾಳು ಹಿಡಿದು ನನ್ನ ಮೂಗಿನ ಹತ್ತಿರ ತಂದರು. ಅರ್ಧ ಕಾಳು ಎಣ್ಣೆಯಲ್ಲಿ ಮುಳುಗಿ ಎದ್ದಂತೆ, ಅರ್ಧ ಕಾಳು ಬೂದಿಯಂತೆ ಒಣಕು.

"ಇದ್ರಾಗ ಬ್ಯಾಳಿ ಆಗಂಗಿಲ್ಲ ತಮ್ಮಾ, ಬರೇ ನುಚ್ಚು. ನಿನ್ನ ಮಶಿನ್ ಕಾಳು ಒಯ್ತದ, ಕಲಸಂಗಿಲ್ಲ."

ಬೇರಿಂಗ್ ಓರೆಯಾಗಿರಬೇಕು, ಅದಕ್ಕೇ ಹೀಗೆ ಎಂದು ಏನೇನೋ ಹೇಳಿ ತಪ್ಪಿಸಿಕೊಂಡೆ. ಸಂಜೆಯವರೆಗೆ ಬೇರಿಂಗನ್ನು ಬಿಚ್ಚುವುದು, ತಗಡಿನ ಚೂರು ಇಟ್ಟು ಎತ್ತರಿಸುವುದು, ಮತ್ತೆ ಬಿಗಿಯುವುದು, ಇದೇ ಆಯಿತು. ದಂಡ ನೇರವಾಗಿಯೇ ಇತ್ತು. ಒಂದು ದಿನ ಹೋಯಿತು.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಬರುವಷ್ಟರಲ್ಲಿ ಮಶಿನ್ ಓಡುತ್ತಿದ್ದ ಸದ್ದು ಕೇಳಿಸಿತು. ನಾನು ಬಿಗಿದಿದ್ದ ಜಾಲರಿಯನ್ನು ಬಿಚ್ಚಿ ನೀರಿನ ಗಡಿಗೆಗಳ ಕೆಳಗೆ ಇಟ್ಟಿದ್ದರು. ಅವ್ವ ತೊಟ್ಟಿಯ ಪಕ್ಕ ನಿಂತು, ತಿರುಗುವ ರೆಕ್ಕೆಗೂ ತೊಟ್ಟಿಯ ಗೋಡೆಗೂ ನಡುವೆ ಅಂಗೈ ಇಳಿಸಿ ಕಾಳನ್ನು ಮೇಲೆ ಕೆಳಗೆ ಮಾಡುತ್ತಿದ್ದರು. ರೆಕ್ಕೆ ಬಂದಾಗ ಕೈ ಮೇಲೆ, ರೆಕ್ಕೆ ಹೋದಾಗ ಕೈ ಕೆಳಗೆ. ಕೂಗಿದರೆ ಆಕೆ ಬೆಚ್ಚಿ ತಾಳ ತಪ್ಪಬಹುದು ಎಂದು ಕೂಗಲೂ ಇಲ್ಲ. ಓಡಿಹೋಗಿ ಸ್ವಿಚ್ ಎಳೆದೆ.

"ಅವ್ವಾ, ನಿಮಗ ಕೈ ಬ್ಯಾಡಾಗ್ಯಾವೇನ್ರಿ!"

"ಬೈಬ್ಯಾಡ ತಮ್ಮಾ. ನನ್ನ ಕೈ ನನಗ ಗೊತ್ತದ. ನಿನ್ನ ಮಶಿನ್ ಕಲಸಂಗಿದ್ರ ನಾ ಯಾಕ ಕೈ ಹಾಕಲಿ? ಮಾಲು ಕೆಟ್ರ ನಾಳಿ ಅವ್ವನ ಕೈ ಕೆಟ್ಟದ ಅಂತಾರ, ಮಶಿನ್ ಕೆಟ್ಟದ ಅನ್ನಂಗಿಲ್ಲ."

ಜಾಲರಿ ತಂದು ಬಿಗಿದೆ. ಜಾಲರಿ ಇದ್ದರೆ ಕಾಳು ಕಲೆಯದು, ಕಾಳು ಕಲೆಯಬೇಕಾದರೆ ಜಾಲರಿ ಇರಬಾರದು. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಬಿಚ್ಚಿದ್ದರು. ಈ ಸಲ ಬಿಚ್ಚಿಸಿದ್ದು ಸಾವಕಾರರೇ. "ಆಕಿ ಕೈ ಹಾಕಿದ್ರ ಮಾಲು ಚಲೋ ಬರ್ತದ ಮಿಸ್ತ್ರಿ. ನೀ ಬೆಲ್ಟ್ ನೋಡ್ಕೋ ಹೋಗು" ಎಂದರು. ಮೈ ಉರಿದುಹೋಯಿತು. ಆದರೂ ಹೋಗಿ ಬೆಲ್ಟೇ ನೋಡಿದೆ. ಆ ಒಂದು ಗಳಿಗೆಯ ಬಗ್ಗೆ ನನಗೆ ಇಂದಿಗೂ ನಾಚಿಕೆಯಿದೆ.

ಬೆಲ್ಟಿನ ಹತ್ತಿರ ಬಗ್ಗಿದ್ದಾಗ ಟಕ್ ಎಂಬ ಸಣ್ಣ ಸದ್ದು, ಅದರ ಹಿಂದೆಯೇ ಹೆಂಗಸರ ಚೀರು ಕೇಳಿಸಿತು. ಸ್ವಿಚ್ ಎಳೆದೆ. ಮೋಟಾರು ಸತ್ತರೂ ದಂಡ ತಕ್ಷಣ ನಿಲ್ಲುವುದಿಲ್ಲ, ಇನ್ನೂ ಎರಡು ಮೂರು ಸುತ್ತು ತಿರುಗುತ್ತದೆ. ಆ ಎರಡು ಮೂರು ಸುತ್ತು ನಾನು ಅವ್ವನ ಕಡೆ ನೋಡಲಿಲ್ಲ, ನೋಡುವ ಧೈರ್ಯವಿರಲಿಲ್ಲ. ಹೊರಬಾಯಿಯ ಕಡೆ ನೋಡುತ್ತಾ ನಿಂತೆ. ತೊಗರಿಯ ಜೊತೆ ಹಸಿರು ಗಾಜಿನ ಚೂರುಗಳು ಬಂದು ಬಿದ್ದವು.

ಅವ್ವ ನೆಲದ ಮೇಲೆ ಕುಳಿತಿದ್ದರು. ಮುಂಗೈಯಿಂದ ರಕ್ತ ಇಳಿಯುತ್ತಿತ್ತು. ರೆಕ್ಕೆ ಬಳೆಗೆ ಸಿಕ್ಕಿ ಕೈಯನ್ನು ಎಳೆದಿತ್ತು. ಬಳೆ ಗಾಜಿನದಾಗಿದ್ದರಿಂದ ಚೂರಾಗಿ ಕೈ ಬಿಟ್ಟಿತ್ತು. ಬೆಳ್ಳಿಯ ಕಡಗವಾಗಿದ್ದರೆ ಕೈಯೇ ಒಳಗೆ ಹೋಗುತ್ತಿತ್ತು. ಆಕೆ ಮಾತ್ರ ಹೇಳಿದ್ದಿಷ್ಟೇ: "ಬಳಿ ಹೆಚ್ಚಿದ್ವು. ಚೂರು ಆರಸ್ರಿ, ಯಾರದರೆ ಬಾಯಾಗ ಹೋದಾವು." ಬಳೆ ಒಡೆಯಿತು ಎನ್ನಬಾರದೆಂದು ನಮ್ಮ ಕಡೆ ಹೀಗೆ ಹೇಳುತ್ತಾರೆ. ಗಾಯಕ್ಕೆ ತಾವೇ ಅರಿವೆ ಸುತ್ತಿಕೊಂಡರು.

ನಾನು ಬೋರ್ಡಿನ ಹತ್ತಿರ ಹೋಗಿ ಆ ಮೋಟಾರಿನ ಮೂರೂ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡೆ.

ಸಾವಕಾರರು ಓಡಿ ಬಂದರು. "ಏನ್ ಮಾಡಾಕ ಹತ್ತಿದಿ? ಹಚ್ಚು ಮೊದಲ!"

"ಹಚ್ಚಂಗಿಲ್ರಿ ಸಾವಕಾರ್ರ."

"ವ್ಯಾಗನ್ ಯಾರಪ್ಪಂದು?"

"ನಾಳಿ ಮುಂಜಾನಿತನ ಟೈಮ್ ಕೊಡ್ರಿ. ಆಗಲಿಲ್ಲಂದ್ರ ಮಶಿನ್ ಬಿಚ್ಚಿ ಒಯ್ತೀನಿ, ಜಹೀರಾಬಾದಿಗಿ ಫೋನ್ ಮಾಡಿ ನನ್ನ ಕೆಲಸಾ ಕಳೀರಿ. ಆದ್ರ ಜಾಲರಿ ಇಲ್ದ ಇದು ತಿರಗಂಗಿಲ್ಲ."

ಇಷ್ಟು ಮಾತು ಹೇಗೆ ಬಂತೋ ಗೊತ್ತಿಲ್ಲ. ಅವರು ಅವ್ವನ ಕೈಯ ಅರಿವೆ ನೋಡಿದರು, ನನ್ನ ಕಿಸೆ ನೋಡಿದರು. ಏನೋ ಗೊಣಗುತ್ತಾ ಹೊರಗೆ ಹೋದರು. ಧೈರ್ಯವೇನೋ ತೋರಿಸಿಯಾಗಿತ್ತು, ಮುಂದೇನು ಮಾಡಬೇಕೆಂಬುದು ಮಾತ್ರ ನನಗೂ ತಿಳಿದಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವ್ವನ ಮುಂದೆ ಹೋಗಿ ಕುಳಿತೆ. "ಅವ್ವಾ, ತೊಟ್ಟ್ಯಾಗ ನಿಮ್ಮ ಕೈ ಏನ್ ಮಾಡ್ತಿತ್ತು? ನೆಲದ ಮ್ಯಾಲ ಒಮ್ಮಿ ತೋರಸ್ರಿ."

ಆಕೆ ಎಡಗೈಯಿಂದ ತೋರಿಸಿದರು. ಬೆರಳು ಅಗಲಿಸಿದ ಅಂಗೈ ಕಾಳಿನ ಕೆಳಗೆ ಹೋಯಿತು, ಗೇಣು ಮೇಲೆತ್ತಿತು, ಬೆರಳ ಸಂದಿಯಿಂದ ಕಾಳು ಉದುರಿತು. ಮತ್ತೆ ಕೆಳಗೆ, ಮತ್ತೆ ಮೇಲೆ. ತಳ್ಳುವುದು ಇಲ್ಲವೇ ಇಲ್ಲ, ಎತ್ತಿ ಉದುರಿಸುವುದಷ್ಟೇ. ನಮ್ಮ ಇಡೀ ರೆಕ್ಕೆ ಮಾಡುತ್ತಿದ್ದುದು ಬರೀ ತಳ್ಳುವ ಕೆಲಸ. ಕೊಯ್ದ ರೆಕ್ಕೆ, ಹಲಗೆ, ಸೀಮೆಸುಣ್ಣದ ಚಿತ್ರ ಎಲ್ಲ ಕಣ್ಣ ಮುಂದೆ ಬಂದವು.

"ಇದನ್ನ ಆ ಗಡಿಗ್ಯಾಗ ಮಾಡಿ ತೋರಸ್ರಿ" ಎಂದೆ. ಪಕ್ಕದಲ್ಲಿ ತೊಗರಿ ತುಂಬಿದ ಗಡಿಗೆಯಿತ್ತು.

ಆಕೆ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. "ತುಂಬಿದ ಗಡಿಗ್ಯಾಗ ಹ್ಯಾಂಗ ಕಲಸಾಕ ಬರ್ತದೋ? ಉದರಾಕ ಜಾಗಾ ಬೇಕಲ್ಲ."

ಜಾಗ! ತೊಟ್ಟಿಯಲ್ಲಿ ಜಾಗವೇ ಇರಲಿಲ್ಲ. ಜಾಲರಿಗೆ ತಾಗುವಷ್ಟು ತುಂಬಿದ್ದವನು ನಾನೇ, ಪ್ರತಿ ಸಲವೂ ಬಾಯಿಯ ತಗಡನ್ನು ಪೂರ್ತಿ ಎಳೆದವನು ನಾನೇ. ಮೂರರಲ್ಲಿ ಒಂದು ಪಾಲು ಎಂದು ಉಸ್ತಾದರು ಹೇಳಿದ್ದು ನೆನಪಿತ್ತು. ಆದರೆ ಅದು ಸುಣ್ಣಕ್ಕೆ, ಸಿಮೆಂಟಿಗೆ ಎಂದು ನನ್ನೊಳಗೆ ಯಾರೋ ತೀರ್ಮಾನ ಮಾಡಿಬಿಟ್ಟಿದ್ದರು. ಆ ಯಾರೋ ಯಾರೆಂದು ಈಗ ಗೊತ್ತಾಯಿತು. ನ್ಯಾಲ್ಕಲ್ ಕಡೆಯ ನಮ್ಮ ಮನೆಯಲ್ಲಿ ನನ್ನ ಹೆತ್ತವ್ವ ಕಾಳು ಅಳೆಯುವಾಗ ಸೇರಿನ ಬಾಯಿ ಕಾಣಬಾರದು. ಮೇಲೆ ಗೋಪುರದಂತೆ ಏರಿ ಸುತ್ತ ಚೆಲ್ಲಬೇಕು. ಒಂದು ಸಲ ನಾನು ಕೋಲಿನಿಂದ ಮಟ್ಟ ಮಾಡಿದ್ದಕ್ಕೆ ಬೆನ್ನಿಗೆ ಗುದ್ದು ಬಿದ್ದಿತ್ತು, ಮನೆಗೆ ಬಂದ ಕಾಳಿಗೆ ಹಾಗೆ ಮಾಡಬಾರದೆಂದು. ಆ ಗುದ್ದು ತಿಂದವನಿಗೆ ಕಾಳಿನ ತೊಟ್ಟಿಯ ಮೂರರಲ್ಲಿ ಎರಡು ಪಾಲು ಖಾಲಿ ಬಿಡುವ ಮನಸ್ಸು ಎಲ್ಲಿಂದ ಬರಬೇಕು?

ತಪ್ಪು ತಿಳಿದರೂ ಒಂದು ಭಯ ಉಳಿದಿತ್ತು. ಉಸ್ತಾದರ ರೆಕ್ಕೆಯನ್ನು ಕೊಯ್ಯಬೇಕು. ಕೊಯ್ದ ಮೇಲೆ ಮೊದಲಿನಂತೆ ಆಗುವುದಿಲ್ಲ. ವರ್ಕ್‌ಶಾಪಿಗೆ ಟ್ರಂಕ್ ಕಾಲ್ ಹಚ್ಚಿದರೆ ಸಂಜೆಯವರೆಗೂ ಲೈನ್ ಸಿಗಲಿಲ್ಲ. ಕೊನೆಗೆ ನಾನೇ ನಿರ್ಧರಿಸಿದೆ. ದಂಡ ಬಿಚ್ಚಿಸಿ, ಬಂಡಿಯ ಮೇಲೆ ಹೇರಿ, ಟ್ರ್ಯಾಕ್ಟರ್ ರಿಪೇರಿ ಮಾಡುವ ಅಂಗಡಿಯ ಗ್ಯಾಸ್ ಕಟರಿನ ಹತ್ತಿರ ಒಯ್ದೆ. ಮೊದಲ ಅರ್ಧಕ್ಕೆ ಮಾತ್ರ, ರೆಕ್ಕೆಯ ಅಂಚಿನಲ್ಲಿ ಗೇಣಿಗೊಂದರಂತೆ ಎರಡು ಬೆರಳಗಲದ ಕಚ್ಚು ಹಾಕಿದೆ. ಮೊದಲ ಕಚ್ಚಿಗೆ ಕಿಡಿ ಹಾರಿದಾಗ ಕಣ್ಣು ಮುಚ್ಚಿಕೊಂಡೆ, ಕನ್ನಡಕ ಇದ್ದರೂ. ಸುತ್ತಿನ ನಡುನಡುವೆ ದಂಡಕ್ಕೆ ಅಂಗೈ ಅಗಲದ ಕಬ್ಬಿಣದ ಪಟ್ಟಿಗಳನ್ನು ಓರೆಯಾಗಿ ಬೆಸೆದೆ, ಎತ್ತುವುದಕ್ಕೆ. ಉಳಿದರ್ಧ ರೆಕ್ಕೆ ಇದ್ದ ಹಾಗೇ ಇರಲಿ, ಕಲೆತ ಮಾಲನ್ನು ತಳ್ಳಿದರೆ ಸಾಕು. ಕಾಳಿಗೆ ಪೆಟ್ಟಾಗದಂತೆ ಪ್ರತಿ ಅಂಚನ್ನೂ ಅರದಿಂದ ಉಜ್ಜಿದೆ. ವೇಗ ಇಳಿಸಲು ದೊಡ್ಡ ಪುಲಿ ಹಾಕಿದೆ.

ಮೂರನೆಯ ದಿನ ಬೆಳಿಗ್ಗೆ ಜಾಲರಿ ಬಿಗಿದು, ಫ್ಯೂಸ್ ಹಾಕಿ, ಬಾಯಿಯ ತಗಡನ್ನು ಮೂರು ಬೆರಳಷ್ಟೇ ತೆರೆದೆ. ಹೊಸ ಪಟ್ಟಿಗಳು ಕಾಳನ್ನು ಎತ್ತಿ ಎತ್ತಿ ಉದುರಿಸಿದವು. ಹೊರಬಾಯಿಗೆ ಮಾಲು ಬರುವುದನ್ನು ಕಾಯುತ್ತಾ ಆ ತುದಿಗೆ ನಡೆದೆ. ಅಷ್ಟರಲ್ಲಿ ಮೋಟಾರಿನ ಸದ್ದು ಭಾರವಾಯಿತು. ತಿರುಗಿ ನೋಡಿದರೆ ತೊಟ್ಟಿ ತುಂಬುತ್ತಿತ್ತು. ಚೀಲ ಸುರಿಯುವ ನಾರಾಯಣಖೇಡದ ಹಮಾಲ ತಗಡನ್ನು ಪೂರ್ತಿ ಎಳೆದಿದ್ದ. ಓಡಿಬಂದು ತಳ್ಳಿದೆ. ಮಾಲು ಇಳಿಯಿತು. ನಾನು ಆ ಕಡೆ ಹೋದೆನೋ ಇಲ್ಲವೋ, ಮತ್ತೆ ಎಳೆದ.

"ಯಾಕ ಎಳೀತಿಯೋ?"

"ತಳದಾಗ ನಾಕ್ ಕಾಳು ಹಾಕಿ ಓಡಸ್ತೀರಲ್ರಿ ಮಿಸ್ತ್ರಿ! ಕಾಳಿನ ಮನಿ ಇದು. ತೊಟ್ಟಿ ಖಾಲಿ ಬಿಟ್ರ ಹುಲುಸು, ಬರಕತ್ ಹ್ಯಾಂಗ ಇರ್ತದ? ನನ್ನ ಕೈಯಿಂದ ಆಗಂಗಿಲ್ರಿ."

ಸಾವಕಾರರು ನೋಡುತ್ತಿದ್ದರು. ಅವರ ಮುಖದಲ್ಲೂ ಅದೇ ಇತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ನಡು ಬೇರಿಂಗಿನ ಹತ್ತಿರ ಮಾಲು ಕಟ್ಟುವ ಸದ್ದು ಶುರುವಾಯಿತು. ನಿಲ್ಲಿಸಿದೆ. ನಾನು ಊರಿಗೆ ಹೋದ ಮರುಗಳಿಗೆಯೇ ಈ ತಗಡು ಪೂರ್ತಿ ತೆರೆಯುತ್ತದೆ, ಕಾಳು ಕಲೆಯುವುದಿಲ್ಲ, ಜಾಲರಿ ಗಡಿಗೆಗಳ ಕೆಳಗೆ ಹೋಗುತ್ತದೆ, ಅವ್ವನ ಕೈ ತೊಟ್ಟಿಯೊಳಗೆ ಇಳಿಯುತ್ತದೆ. ಎಲ್ಲ ಒಂದರ ಹಿಂದೊಂದು ಕಂಡವು.

ಅವ್ವ ಎದ್ದು ಬಂದರು. ಶೆಡ್ಡಿನ ಗೋಡೆಯ ಬುಡಕ್ಕೆ ಬಳಿಯಲು ಕಲಸಿಟ್ಟಿದ್ದ ಕೆಮ್ಮಣ್ಣಿನ ಜಾಜಿನ ಡಬ್ಬಿ ಅವರ ಕೈಯಲ್ಲಿತ್ತು. "ಜಾಲರಿ ಬಿಚ್ಚು, ಕಾಳು ತಗಿ" ಎಂದರು. ತೆಗೆದೆ. ತೊಟ್ಟಿಯ ಮೇಲೆ ಬಗ್ಗಿದವರು ಹಾಗೇ ನಿಂತರು.

"ಫ್ಯೂಸ್ ಎಲ್ಲವ?"

ಕಿತ್ತು ತಂದು ಕಿಸೆಗೆ ಹಾಕಿಕೊಂಡೆ, ಕಿಸೆ ತಟ್ಟಿ ತೋರಿಸಿದೆ. ಆಮೇಲೆಯೇ ಆಕೆ ಕೈ ಒಳಗೆ ಹಾಕಿದ್ದು. ನಾನು ಹೇಳಿದಲ್ಲಿಂದ, ಮೂರರಲ್ಲಿ ಒಂದು ಪಾಲಿನ ಮಟ್ಟಕ್ಕೆ, ತೊಟ್ಟಿಯ ಎರಡೂ ಗೋಡೆಗೆ ಜಾಜಿನ ಗೆರೆ ಎಳೆಯುತ್ತಾ ನಡೆದರು. ಅರಿವೆ ಸುತ್ತಿದ ಕೈಯಲ್ಲೂ ಗೆರೆ ಬಹುಮಟ್ಟಿಗೆ ನೇರವೇ ಬಂತು. ಎಳೆದಾದ ಮೇಲೆ ಹಮಾಲನನ್ನು ಕರೆದರು.

"ನೋಡೋ, ಇದಾ ಇದರ ಬಾಯಿ. ಗೆರಿ ಮುಚ್ಚಂಗ ಹಾಕು, ಒಂದ್ ನಾಕ್ ಕಾಳು ಮ್ಯಾಲ ಬೀಳಲಿ. ಇದರ ಸೇರು ತುಂಬ್ತು ಅಂತ ತಿಳಿ. ಅದಕಿಂತ ಹೆಚ್ಚು ಹಾಕಿದ್ರ ಚೆಲ್ಲಿದ್ಹಂಗ."

ಹಮಾಲ ಗೆರೆಯನ್ನು ನೋಡಿದ, ಅವ್ವನನ್ನು ನೋಡಿದ. "ಹಿಂಗ್ ಹೇಳ್ರಿ ಮತ್ತ" ಎಂದ. ಬೆಳಗಿನಿಂದ ನಾನು ಹೇಳಲಾರದೆ ಹೋಗಿದ್ದು ಅಷ್ಟೇ ಆಗಿತ್ತು.

ಜಾಲರಿ ಬಿಗಿದು ಓಡಿಸಿದೆವು. ಗೆರೆ ಮುಚ್ಚಿ ನಾಲ್ಕು ಕಾಳು ಮೇಲೆ, ಅಷ್ಟೇ. ಮೋಟಾರಿನ ಸದ್ದು ಏರಲಿಲ್ಲ. ಅವ್ವ ಹೊರಬಾಯಿಯ ಹತ್ತಿರ ಕುಳಿತು ಬೊಗಸೆಯೊಡ್ಡಿದರು. ಕಾಳನ್ನು ಅಂಗೈಯಲ್ಲಿ ಉರುಳಿಸಿದರು, ಮೂಸಿದರು, ಒಂದನ್ನು ಉಗುರಲ್ಲಿ ಒತ್ತಿದರು. ಎರಡನೆಯ ಬೊಗಸೆ, ಮೂರನೆಯ ಬೊಗಸೆ. ಆಮೇಲೆ ಸಾವಕಾರರ ಕಡೆ ತಿರುಗಿ, "ಗುಡ್ಡಿ ಹಾಕ್ರಿ" ಎಂದರು.

ಸಂಜೆ ಏಳರವರೆಗೆ ಎಲ್ಲೂ ಕಟ್ಟದೆ ಓಡಿತು. ಉಳಿದ ಚೀಲಗಳಿಗಾಗಿ ಇನ್ನೊಂದು ದಿನ ಬೇಕಾಯಿತು, ಸಾವಕಾರರು ಆ ಒಂದು ದಿನಕ್ಕೆ ನನ್ನನ್ನು ಮನಸಾರೆ ಬೈದರು. ಬೈಯಲಿ ಎಂದುಕೊಂಡೆ. ಹೊರಡುವ ಬೆಳಿಗ್ಗೆ ಕೊನೆಯ ಸಲ ಬೋಲ್ಟು ನೋಡಲು ಹೋದಾಗ, ಗೆರೆ ಮುಗಿಯುವ ತುದಿಯಲ್ಲಿ, ತೊಟ್ಟಿಯ ಹೊರಗೋಡೆಯ ಮೇಲೆ, ಜಾಜು ಮೆತ್ತಿದ ಅಂಗೈಯನ್ನು ಅವ್ವ ಒತ್ತಿ ಹೋಗಿದ್ದು ಕಂಡಿತು. ಕಾಳು ತುಂಬುವ ಹೊಸ ಕಣಜಕ್ಕೆ, ಹೊಸ ಬಂಡಿಗೆ ಒತ್ತುತ್ತಾರಲ್ಲ, ಹಾಗೆ. ಹತ್ತಿರ ಬಗ್ಗಿ ಅದರ ಬೆರಳುಗಳನ್ನು ಒಂದೊಂದಾಗಿ ನೋಡಿದೆ.

ಜಹೀರಾಬಾದಿನಲ್ಲಿ ಉಸ್ತಾದರು ವರ್ಕ್‌ಶಾಪಿನ ಬಾಗಿಲಲ್ಲೇ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕುಳಿತಿದ್ದರು. ನಾನು ನಿಂತಲ್ಲೇ ಎಲ್ಲ ಒಪ್ಪಿಸಿಬಿಟ್ಟೆ. ತೊಟ್ಟಿ ತುಂಬಿಸಿದ್ದು, ಬಳೆ, ಫ್ಯೂಸ್, ಅವರನ್ನು ಕೇಳದೆ ಅವರ ರೆಕ್ಕೆ ಕೊಯ್ದದ್ದು. ರೆಕ್ಕೆಯ ಮಾತಿಗೆ ಅವರ ಮುಖ ಬಿಗಿಯಾಯಿತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅವರು ಮೂರು ಬೆರಳಿನ ಆ ಕೈಯನ್ನು ಮತ್ತೆ ಮೇಲೆತ್ತಿದರು.

"ಆ ಹೆಣ್ಮಗಳದು?"

"ಐದೂ ಬೆರಳು ಅವರಿ ಉಸ್ತಾದ್. ಎಣಿಸಿ ಬಂದೀನಿ."